ಆಳುಗಳ ಮೆಟ್ಟಿಲು

ಬಾರಿಸಿದ್ದು ಏಳನೆಯ ಗಂಟೆ. ಹೆಸ್ಟರ್ ತಲೆಯೆತ್ತಿ ನೋಡಬೇಕಾಗಲಿಲ್ಲ. ನೆಲಮಾಳಿಗೆಯ ಗೋಡೆಯ ಮೇಲಿನ ಹನ್ನೆರಡು ಕರೆಗಂಟೆಗಳಿಗೂ ಒಂದೊಂದು ದನಿ, ಏಳನೆಯದು ದಿವಾನಖಾನೆಯದು. ಒಂದೂವರೆ ಶತಮಾನದ ಹಿಂದೆ ಬ್ರಾಮ್‌ಸ್ಲೋ ಹಾಲ್ ಎಂಬ ಈ ದೊಡ್ಡ ಬಂಗಲೆಯ ಆಳುಗಳು ಇದನ್ನು ಕೇಳಿ ಓಡುತ್ತಿದ್ದರು. ಹಳೆಯ ತಂತಿಗಳು ರಿಪೇರಿಯಾಗಿ ಇವತ್ತು ಮೊದಲ ದಿನ. ಈಗ ಮ್ಯೂಸಿಯಂ ಆಗಿರುವ ಮನೆಯನ್ನು ನೋಡಲು ಟಿಕೆಟ್ ಕೊಂಡವರು ಯಾರು ಬೇಕಾದರೂ ಮೇಲಿನ ಕೋಣೆಗಳಲ್ಲಿ ಗಂಟೆಯ ಹಿಡಿ ಎಳೆಯಬಹುದು. ಬೆಳಗಿನಿಂದ ಎಲ್ಲರೂ ಎಳೆಯುತ್ತಿದ್ದರು.

ಕೆಳಗೆ ನಿಂತು ವಿವರಿಸುವುದು ಅವಳ ಕೆಲಸ. ಆರು ವರ್ಷದಿಂದ ಇದೇ ನೆಲಮಾಳಿಗೆ. ಅವಳು ಇತಿಹಾಸ ಓದಿದವಳು. ಮನೆ ಕಟ್ಟಿಸಿದವನ ಪತ್ರಗಳನ್ನೆಲ್ಲ ಓದಿ ಮುಗಿಸಿದ್ದಳು. ಪತ್ರಗಳು ಮೇಲೆ ಲೈಬ್ರರಿಯಲ್ಲಿದ್ದವು. ಅಲ್ಲಿ ಜನರಿಗೆ ವಿವರಿಸುವ ಡೆಸ್ಮಂಡ್ ಭಾನುವಾರ ಕೆಲಸ ಬಿಡುತ್ತಾನೆ. ಅವನ ಜಾಗ ಯಾರಿಗೆಂದು ಮೇಲ್ವಿಚಾರಕಿ ಪಿಪ್ಪಾ ಇವತ್ತು ಹೇಳಬೇಕು.

“ಏನಮ್ಮಾ, ನನ್ನ ಕುರ್ಚಿ ಮೇಲೆ ಕಣ್ಣಾ?” ಬೆಳಿಗ್ಗೆ ಡೆಸ್ಮಂಡ್ ಕೇಳಿದ್ದ.

“ಹಾಗೇನಿಲ್ಲ.”

“ಇರಲಿ ಬಿಡು. ಮೆತ್ತೆ ಮಾತ್ರ ನಂದು, ತಗೊಂಡ್ ಹೋಗ್ತೀನಿ.”

ಏಳನೆಯದು ಮತ್ತೆ ಬಾರಿಸಿತು. ಮತ್ತೆ. ಯಾರಿಗೋ ತಾಳ್ಮೆಯಿರಲಿಲ್ಲ. ಮೂರನೆಯ ಸಲಕ್ಕೆ ಹೆಸ್ಟರ್ ಆಳುಗಳ ಮೆಟ್ಟಿಲಿನ ಅರ್ಧದಲ್ಲಿದ್ದಳು. ಯಾವಾಗ ಹೊರಟೆನೆಂದು ಅವಳಿಗೇ ತಿಳಿಯಲಿಲ್ಲ. ಮೆಟ್ಟಿಲು ಕಡಿದಾಗಿತ್ತು, ಕಿರಿದಾಗಿತ್ತು. ಆಳುಗಳು ಮನೆಯೊಡತಿಯ ಕಣ್ಣಿಗೆ ಬೀಳದಿರಲೆಂದೇ ೧೮೬೪ರಲ್ಲಿ ಎರಡು ಗೋಡೆಗಳ ನಡುವೆ ಕಟ್ಟಿಸಿದ್ದು.

ತುದಿಯ ಬಾಗಿಲನ್ನು ತಳ್ಳಿದಳು. ದಿವಾನಖಾನೆಯ ಕಡೆಯಿಂದ ನೋಡಿದರೆ ಅದು ಬಾಗಿಲಲ್ಲ. ಹಸಿರು ಕಾಗದ ಹಚ್ಚಿದ ಗೋಡೆ, ಅದರ ಮೇಲೆ ಬಾಗಿಲಿನ ಸಂದು ಕಾಣದಂತೆ ಬರೆದ ಕುದುರೆಯ ಚಿತ್ರ. ಕುದುರೆ ನಡುವೆ ಸೀಳಿಹೋಯಿತು. ಇಪ್ಪತ್ತು ಜನ ಒಟ್ಟಿಗೆ ಕಿರುಚಿ, ಆಮೇಲೆ ನಕ್ಕರು.

ಗಂಟೆಯ ಹಿಡಿಯನ್ನು ಇನ್ನೂ ಬಿಡದ ದಪ್ಪ ಮನುಷ್ಯನೊಬ್ಬ ಹೇಳಿದ: “ಅಂತೂ ಬಂದ್ಯಲ್ಲಮ್ಮಾ! ಟೀ ಎಲ್ಲಿ?”

“ಅದನ್ನೇ ಕೇಳೋಕೆ ಬಂದೆ ಸಾರ್. ಲೋಟಕ್ಕೆ ಹಾಲು ಮೊದಲಾ, ಟೀ ಮೊದಲಾ?”

ನಗು. ಚಪ್ಪಾಳೆ. “ಹಾಲು!” “ಥೂ, ಟೀ!” ಎಂದು ಎರಡು ಪಕ್ಷಗಳೇ ಆದವು. ಆ ಮಾತು ಎಲ್ಲಿಂದ ಬಂತೆಂದು ಹೆಸ್ಟರ್ ಯೋಚಿಸಿದಳು. ಆರು ವರ್ಷಗಳಲ್ಲಿ ಅವಳ ಮಾತಿಗೆ ಯಾರೂ ನಕ್ಕಿರಲಿಲ್ಲ. ಮುಖ ಬೆಚ್ಚಗಾಯಿತು. ಸಂತೋಷವೇ ಇರಬೇಕು.

ಪಿಪ್ಪಾ ಜನರ ನಡುವೆ ನುಗ್ಗಿ ಬಂದಳು. “ಹೆಸ್ಟರ್, ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ರಿ? ದಿನಾ ಮಾಡೋಣ. ಬಿಳಿ ಟೋಪಿ, ಏಪ್ರನ್ ಹೊಲಿಸ್ತೀನಿ.”

“ಲೈಬ್ರರಿ ವಿಷಯ…”

“ಅಯ್ಯೋ, ಪತ್ರ ಓದಿ ಹೇಳೋಕೆ ಯಾರಾದ್ರೂ ಸಿಗ್ತಾರೆ. ಇದು ಯಾರಿಗೆ ಬರುತ್ತೆ ಹೇಳಿ?”

ಹೆಸ್ಟರ್ ಉತ್ತರದ ಪದಗಳನ್ನು ಎಚ್ಚರದಿಂದ ಜೋಡಿಸತೊಡಗಿದಳು.

“ಈಗ ಮಾಯ ಆಗಮ್ಮಾ, ನೋಡೋಣ!” ದಪ್ಪ ಮನುಷ್ಯ ಕೂಗಿದ.

ಅವಳು ಮಂಡಿ ಬಾಗಿಸಿ ವಂದಿಸಿದಳು. ಹಿಂದಕ್ಕೆ ಹೆಜ್ಜೆಯಿಟ್ಟಳು. ಕುದುರೆ ಕೂಡಿಕೊಂಡಿತು.

ಗೋಡೆಯ ಹಿಂದೆ ಕತ್ತಲು. ಆ ಕಡೆ ಗದ್ದಲ. “ಇಲ್ಲೇ ಇತ್ತು!” “ಇಲ್ಲ ಕಣೇ, ಇನ್ನೂ ಆ ಕಡೆ!” ಸಂದು ಹುಡುಕುತ್ತ ಅಂಗೈಗಳು ಗೋಡೆಯನ್ನು ಸವರುತ್ತಿದ್ದವು, ಅವಳ ಹಣೆಯ ಎತ್ತರದಲ್ಲಿ, ಎದೆಯ ಎತ್ತರದಲ್ಲಿ, ಹತ್ತಾರು ಅಂಗೈಗಳು, ನಗುನಗುತ್ತ. ಹೆಸ್ಟರ್ ಉಸಿರು ಬಿಗಿಹಿಡಿದು ನಿಂತಳು. ಒಂದೊಂದೂ ಅವಳ ಮೇಲೆಯೇ ಹಾದು ಮುಂದೆ ಹೋಯಿತು.