ತಲೆ ಸವರಿದ ಚಟಾಕು

ನನ್ನ ಮಗಳು ತನ್ಮಯೀಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅವಳಿಗೆ ಏಳು ವರ್ಷ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಬೇಕು. ಎಷ್ಟು ಚುಚ್ಚಬೇಕೆಂಬುದು ಅವಳು ಎಷ್ಟು ತಿನ್ನುತ್ತಾಳೆ ಎಂಬುದರ ಮೇಲೆ. ಚುಚ್ಚಿದ್ದು ಜಾಸ್ತಿಯಾಗಿ ತಿಂದದ್ದು ಕಡಿಮೆಯಾದರೆ ಮಗು ಎಚ್ಚರ ತಪ್ಪುತ್ತದೆ, ಮತ್ತೆ ಏಳದೆಯೂ ಹೋಗಬಹುದು. ಡಾಕ್ಟರು ಇದನ್ನು ಹೇಳಿದ ದಿನವೇ ಮಡಿಕೇರಿಯಲ್ಲಿ ಒಂದು ಪುಟ್ಟ ತಕ್ಕಡಿ ಕೊಂಡು ನಮ್ಮೂರು ಗಾಳಿಬೀಡಿನ ಬಸ್ ಹತ್ತಿದೆ.

ಅತ್ತೆ ಗೋಮತಿ ಅದನ್ನು ಒಲೆಯ ಹತ್ತಿರಕ್ಕೇ ಬಿಡಲಿಲ್ಲ.

“ತಕ್ಕಡಿ ಅಂಗಡಿಯವರಿಗೆ ಇರ್ಲಿ. ಮಗು ಉಣ್ಣೋ ಅನ್ನ ತೂಗಿದ್ರೆ ಅದರ ಆಯಸ್ಸು ತೂಗಿದ ಹಾಗೆ.”

“ಅತ್ತೆ, ಡಾಕ್ಟರ್ ಗ್ರಾಂ ಲೆಕ್ಕದಲ್ಲಿ ಹೇಳಿದ್ದಾರೆ.”

“ಡಾಕ್ಟರ್ ಬಂದು ಅಡುಗೆ ಮಾಡ್ತಾರಾ? ನನ್ನ ಚಟಾಕು ಉಂಟಲ್ಲ.”

ಚಟಾಕು ಎಂದರೆ ಹಿತ್ತಾಳೆಯ ಅಳತೆ, ಪಾವಿನ ಕಾಲು ಭಾಗ. ಶಾಲೆಯಲ್ಲಿ ಒಂದು ಕೋಣೆ ತುಂಬ ಮಕ್ಕಳ ಬಾಯಿ ಮುಚ್ಚಿಸುವ ಮೇಷ್ಟ್ರಮ್ಮ ನಾನು, ಈ ಒಬ್ಬ ಹೆಂಗಸಿನ ಮುಂದೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಏನು ಮಾಡಲಿ. ಮಗುವಿಗೆಂದು ಬೇರೆ ಅಳೆದಿಟ್ಟ ಅಕ್ಕಿಯನ್ನು, ಅವರು ಹೂ ಕೊಯ್ಯಲು ಹೋದಾಗ ಕಳ್ಳಿಯ ಹಾಗೆ ತೂಗಿದೆ. ಚಟಾಕು ಅದೇ, ಅಕ್ಕಿಯಾದರೆ ಅರವತ್ತೆರಡು ಗ್ರಾಂ, ಕಡುಬಿನ ತರಿಯಾದರೆ ಐವತ್ತೆಂಟು, ರೊಟ್ಟಿಯ ಹಿಟ್ಟಾದರೆ ನಲವತ್ತೈದು. ಮೇಲೆ ಗೋಪುರ ನಿಲ್ಲುವಂತೆ ತಲೆ ತುಂಬಿ ಅಳೆಯುವುದು ಅವರ ಪದ್ಧತಿ. ಯಾವತ್ತು ತೂಗಿದರೂ ಒಂದೆರಡು ಗ್ರಾಂ ಆಚೀಚೆ, ಅಷ್ಟೇ. ಸರಿ, ಆ ತೂಕಕ್ಕೇ ಸೂಜಿಯ ಲೆಕ್ಕ ಹೊಂದಿಸಿ, ತೂಗುವುದನ್ನು ಬಿಟ್ಟೆ. ಎರಡು ವರ್ಷ ನನ್ನ ಲೆಕ್ಕ, ಅವರ ಕೈ, ಎರಡೂ ಕೂಡಿ ಮಗುವನ್ನು ಕಾಪಾಡಿದವು.

ಕಳೆದ ದಸರೆಯಲ್ಲಿ ಮಕ್ಕಳಿಗೆ ರಜೆ, ನಮಗೆ ಮೇಷ್ಟ್ರುಗಳಿಗೆ ಮನೆಮನೆ ಸಮೀಕ್ಷೆಯ ಕೆಲಸ. ಒಂದು ದಿನ ಬೆಳಗಾಗುವಾಗಲೇ ನಾಪೋಕ್ಲಿನಿಂದ ಫೋನ್ ಬಂತು. ನನ್ನ ಗಂಡನ ದೊಡ್ಡಪ್ಪನ ಮಗ ಜನಾರ್ದನ ತೀರಿಕೊಂಡಿದ್ದರು. ಇವರು ಸ್ಕೂಟರ್ ಹತ್ತಿ ಹೋದರು. ಮನೆಗೆ ಸೂತಕ ಬಂತು. ಅತ್ತೆ ತಲೆಗೆ ನೀರು ಹಾಕಿಕೊಂಡು ಬಂದು ತಿಂಡಿಗೆ ಕಡುಬು ಮಾಡಿದರು, ಊಟಕ್ಕೆ ಅನ್ನ ಇಟ್ಟರು. ಎರಡು ಸಲವೂ ನಾನು ಎಂದಿನಷ್ಟೇ ಚುಚ್ಚಿದೆ. ಊಟಕ್ಕೆ ಕೂತವಳಿಗೆ “ಒಂದಗುಳೂ ಬಿಡ್ಬಾರ್ದು” ಎಂದು ಹೇಳಿ ಸಮೀಕ್ಷೆಗೆ ಹೊರಟೆ.

ಸಂಜೆಗೆ ಮುಂಚೆ ಬಂದೆ. ಅವಳು ಚಾಪೆಯ ಮೇಲೆ ಮಲಗಿದ್ದಳು.

“ಸುಸ್ತು ಅಂದ್ಲು. ಮಲಗ್ಲಿ ಬಿಡು, ಎಬ್ಬಿಸ್ಬೇಡ,” ಎಂದರು ಅತ್ತೆ.

ಮುಟ್ಟಿದೆ. ಮೈಯೆಲ್ಲ ತಣ್ಣನೆಯ ಬೆವರು, ಹಲ್ಲು ಕಚ್ಚಿಕೊಂಡಿತ್ತು. ಒಸಡಿಗೆ ಸಕ್ಕರೆ ತಿಕ್ಕಿ, ಪಕ್ಕದ ಎಸ್ಟೇಟಿನವರ ಜೀಪಿನಲ್ಲಿ ಮಡಿಕೇರಿಗೆ ಒಯ್ದೆವು. ಜೀವ ಉಳಿಯಿತು. ಆದರೆ ಅಷ್ಟು ಹೊತ್ತು ಸಕ್ಕರೆಯಿಲ್ಲದೆ ಮಿದುಳಿಗೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು.

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆಯನ್ನು ಕೇಳಿದೆ. “ಊಟ ಬಿಟ್ಲಾ?”

“ಇಲ್ಲ. ಇನ್ನೂ ಬೇಕು ಅಂದ್ಲು. ನೀನು ಬೈತೀಯ ಅಂತ ನಾನೇ ಕೊಡ್ಲಿಲ್ಲ.”

“ಅಳೆದದ್ದು ಎಷ್ಟು?”

“ಚಟಾಕೇ, ಯಾವಾಗಿನ ಹಾಗೆ. ಎರಡು ಹೊತ್ತೂ ತಲೆ ಸವರಿ ಅಳೆದೆ. ಸೂತಕದ ಮನೆಯಲ್ಲಿ ತಲೆ ತುಂಬಿ ಅಳೀತಾರಾ? ಮೈಲಿಗೆ ಕಳೆಯೋವರೆಗೆ ಸವರ್ಬೇಕು. ಅಷ್ಟೂ ಗೊತ್ತಿಲ್ವಾ ನಿನಗೆ?”

ಗೊತ್ತಿರಲಿಲ್ಲ. ನನ್ನ ತವರಿನಲ್ಲಿ ಅಕ್ಕಿ ಅಳೆಯುವುದು ಸ್ಟೀಲ್ ಲೋಟದಲ್ಲಿ, ಹುಟ್ಟಿಗೂ ಸಾವಿಗೂ ಅದೇ ಲೋಟ. ಈ ಎರಡು ವರ್ಷದಲ್ಲಿ ನಮಗೆ ಸೂತಕ ಬಂದಿರಲಿಲ್ಲ. ಅದಕ್ಕೂ ಮೊದಲು ಅತ್ತೆ ಹೇಗೆ ಅಳೆಯುತ್ತಾರೆಂದು ನೋಡುತ್ತಾ ಕೂತವರು ಯಾರು. ಮನೆಗೆ ಬಂದು ಸವರಿದ ಚಟಾಕನ್ನು ತೂಗಿದೆ. ನಲವತ್ತೇಳು ಗ್ರಾಂ. ಹದಿನೈದು ಗ್ರಾಂ ಕಡಿಮೆ, ಒಂದು ಹಿಡಿಯೂ ಅಲ್ಲ. ಅವರದು ಕೆಟ್ಟ ಮನಸ್ಸಾಗಿದ್ದರೆ ಬಾಯಿಗೆ ಬಂದಂತೆ ಬೈದು ಹಗುರವಾದರೂ ಆಗುತ್ತಿದ್ದೆ.

ತನ್ಮಯೀ ಈಗ ಬಲಗಾಲು ಎಳೆದುಕೊಂಡು ನಡೆಯುತ್ತಾಳೆ. ಮಾತು ತಡೆದು ತಡೆದು ಬರುತ್ತದೆ. ಅಡುಗೆ ಪೂರ್ತಿ ನನ್ನದೇ, ಎಲ್ಲವನ್ನೂ ತೂಗಿಯೇ ಮಾಡುವುದು. ಅತ್ತೆ ಒಳಗೆ ಬರುವುದಿಲ್ಲ. ನಾನು ಬರಬೇಡಿ ಎಂದಿಲ್ಲ, ಬನ್ನಿ ಎಂದೂ ಕರೆದಿಲ್ಲ.

ಮೊನ್ನೆ ಅವರು ಮೊಮ್ಮಗಳ ಪಕ್ಕ ಬಂದು ಕೂತರು. ನಾನು ತೂಗಿ ಬಡಿಸಿದ್ದ ಮೊಸರನ್ನವನ್ನೇ ಕಲಸಿ, ಒಂದು ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದರು. ಮಗು ಬಾಯಿ ತೆರೆಯಲಿಲ್ಲ. ನನ್ನ ಕಡೆ ತಿರುಗಿ ಕೇಳಿತು.

“ಅಮ್ಮಾ... ಅಜ್ಜಿ ಕೊಟ್ರೆ... ತಿನ್ಬಹುದಾ?”

ಅತ್ತೆಯೂ ನನ್ನನ್ನೇ ನೋಡಿದರು. ಹೂಂ ಎಂದರೆ ಸಾಕಿತ್ತು. ನನಗೆ ಮನಸ್ಸು ಬರಲಿಲ್ಲ.

ಅವರು ತುತ್ತನ್ನು ತಟ್ಟೆಗಿಳಿಸಿ ಕೈ ತೊಳೆಯಲು ಎದ್ದು ಹೋದರು. ನಾನು ಅಲ್ಲಿ ಕೂತು ಅದೇ ತುತ್ತನ್ನು ಎತ್ತಿ ಕೊಟ್ಟೆ. ಮಗು ತಿಂದಿತು.