ಇಲಿ ಸತ್ತ ಮೇಲೆ ಬಂದ ಜ್ವರ

ವಾಣಿ ಬೇವಿನ ಸೊಪ್ಪು ಬಿಡಿಸುತ್ತಿದ್ದಳು. ಒಳಗೆ ಗಂಡ ಮಧುಕುಮಾರ್ ತಲೆನೋವಿಗೆ ನರಳುತ್ತಿದ್ದ. ಜ್ವರ ಹಿಡಿದು ಎಂಟು ದಿನ. ಐದನೆಯ ದಿನ ಎದೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಿತ್ತು. ಮೈಮೇಲೆ ಅಮ್ಮ ಬಂದಿದ್ದಾಳೆ, ಸಿಡುಬು ಎದ್ದಿದೆ ಎಂದು ಅತ್ತೆ ಶಿವನಂಜಮ್ಮ ಅಂದೇ ಜ್ವರದ ಮಾತ್ರೆ ನಿಲ್ಲಿಸಿದರು, ಅಡುಗೆಗೆ ಒಗ್ಗರಣೆಯನ್ನೂ ನಿಲ್ಲಿಸಿದರು. ಇಂದು ಬೆಳಗಿನಿಂದ ಮಧುಕುಮಾರ್ ಕರೆದರೂ ಓಗೊಡುತ್ತಿರಲಿಲ್ಲ.

ಆಶಾ ಕಾರ್ಯಕರ್ತೆ ಚಲುವಮ್ಮ ಬಂದವರೇ ಆಸ್ಪತ್ರೆಗೆ ಹೊರಡಿಸಿ ಎಂದರು.

"ಅಮ್ಮ ಬಂದಿರೋ ಮೈಗೆ ಸೂಜಿ ಚುಚ್ಚುಸ್ತೀಯಾ? ನಿನ್ ರಿಜಿಸ್ಟರ್ ತುಂಬ್ಸಕ್ಕೆ ನನ್ ಮಗನೇ ಬೇಕಾ?" ಎಂದರು ಶಿವನಂಜಮ್ಮ.

ಚಲುವಮ್ಮ ಸಿಟ್ಟಾಗಲಿಲ್ಲ. ಅಮ್ಮನಾದರೆ ಗುಳ್ಳೆಯಲ್ಲಿ ನೀರು ತುಂಬಬೇಕು, ತುಂಬಿದೆಯೇ, ಮನೆಯಲ್ಲಿ ಇಲಿ ಇದ್ದವೇ ಎಂದು ವಿಚಾರಿಸಿದರು.

ಅತ್ತೆಯೆದುರು ಬಾಯಿ ತೆರೆಯದ ವಾಣಿ ಎದ್ದು ನಿಂತಳು. "ನೀರಿಲ್ಲ ಕಣಕ್ಕ, ಬರೀ ಚುಕ್ಕೆ. ಇಲಿ ಬರ್ದಂಗೆ ಕಾಯಕ್ಕೆ ಅಂತ ಇವ್ರು ಭತ್ತದ ಮೂಟೆ ಪಕ್ಕಾನೇ ಮಲಗ್ತಿದ್ರು. ಜ್ವರ ಬರಕ್ಕೆ ಹತ್ತು ದಿನ ಮುಂಚೆ ಪಾಷಾಣ ಇಟ್ವಿ. ಸತ್ತ ಇಲಿನ ಬಾಲ ಹಿಡ್ದು ಬಿಸಾಕಿದ್ರು. ಆಮೇಲೆ ಕಾಲೆಲ್ಲ ಚಿಗಟ ಕಚ್ಚಿ ಕೆರ್ಕೊಂಡಿದ್ರು."

ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಮನುಷ್ಯರ ಮೇಲೆ ಹಾರುತ್ತದೆ, ಚಿಗಟದ ಹಿಕ್ಕೆಯಲ್ಲಿರುವ ರೋಗಾಣು ಕೆರೆದ ಗಾಯದೊಳಗೆ ಸೇರುತ್ತದೆ ಎಂದು ಚಲುವಮ್ಮ ತಿಳಿಸಿದರು. ಇದು ಟೈಫಸ್ ಜ್ವರವಿರಬಹುದು. ರಕ್ತ ನೋಡಿ ವೈದ್ಯರೇ ಹೇಳಬೇಕು. ಔಷಧಿ ಇದೆ, ಆದರೆ ತಡವಾದರೆ ಜೀವಕ್ಕೇ ಅಪಾಯ.

"ಅಮ್ಮನೇ ಆಗಿದ್ರೂ ಡಾಕ್ಟ್ರು ನೋಡುದ್ರೆ ಮುನುಸ್ಕೊಳಲ್ಲ ಕಣಕ್ಕ," ಎಂದು ಶಿವನಂಜಮ್ಮನಿಗೆ ಹೇಳಿದರು.

ಶಿವನಂಜಮ್ಮ ಮಗನ ಹಣೆಯ ಮೇಲೆ ಕೈಯಿಟ್ಟು ಕರೆದರು, ಅವನು ಓಗೊಡಲಿಲ್ಲ. ಸೊಸೆಯ ಕಡೆ ತಿರುಗಿ, "ಆಟೋ ಕರ್ಸು," ಎಂದರು.

ನಂಜನಗೂಡಿನ ಆಸ್ಪತ್ರೆಯಲ್ಲಿ ಅಂದೇ ಚಿಕಿತ್ಸೆ ಶುರುವಾಯಿತು. ಮೂರನೆಯ ದಿನ ಜ್ವರ ಇಳಿಯಿತು. ಹತ್ತು ದಿನಕ್ಕೆ ಮಧುಕುಮಾರ್ ಗೋಡೆ ಹಿಡಿದು ನಡೆದ.

ಈಗ ಅವರ ಭತ್ತ ಮುಚ್ಚಳವಿರುವ ಡ್ರಮ್ಮಿನಲ್ಲಿದೆ. ನೀವೂ ಮೂಟೆಯ ಪಕ್ಕ ಮಲಗಬೇಡಿ. ಆರೋಗ್ಯ ಸಿಬ್ಬಂದಿಯನ್ನು ಕೇಳಿ ಮೊದಲು ಚಿಗಟಕ್ಕೆ ಪುಡಿ ಹಾಕಿಸಿ, ಆಮೇಲೆ ಇಲಿ ಹಿಡಿಯಿರಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮೂರು ದಿನವಾದರೂ ಜ್ವರ ಬಿಡದಿದ್ದರೆ, ಇಲ್ಲವೇ ಮೈಮೇಲೆ ಚುಕ್ಕೆ ಎದ್ದರೆ, ಅಮ್ಮನೆಂದು ನೀವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಿ.

ಮೊನ್ನೆ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಶಿವನಂಜಮ್ಮ ತಾವಾಗಿಯೇ ಎದ್ದು ನಿಂತರು.

"ನಾನು ಮೂರು ದಿನ ಸುಮ್ನೆ ಕಳ್ದೆ. ನಿಮ್ಮನೇಲಿ ಜ್ವರ ಬಿಡ್ದೆ ಮಲ್ಗಿರೋರು ಯಾರಾದ್ರೂ ಇದ್ರೆ ಈಗ್ಲೇ ಹೇಳ್ರವ್ವ."