ಖಾಕಿ ಜೇಬು

ಶಟರು ಮೊಣಕಾಲೆತ್ತರಕ್ಕೆ ಏಳುವಷ್ಟರಲ್ಲಿ ಎಲ್ಲರೂ ಗಿಡುಗ ಎಂದು ಕರೆಯುತ್ತಿದ್ದ ಹೆಂಗಸು ಅದರಡಿ ನುಸುಳಿ ಗೋದಾಮಿನ ಒಳಗಿದ್ದಳು. ಹಿಂದೆಯೇ ನುಗ್ಗಿದವನೊಬ್ಬ ಅವಳ ಹಿಮ್ಮಡಿ ತುಳಿದ. ಅವಳು ತಿರುಗಿಯೂ ನೋಡದೆ ಮೊಣಕೈಯಿಂದ ಅವನ ಪಕ್ಕೆಗೆ ತಿವಿದಳು. ಮೇಸ್ತ್ರಿ ಆಗಲೇ ಮೂಟೆಗಳ ಕಟ್ಟು ಕೊಯ್ಯುತ್ತಿದ್ದ. ಊರಿನ ಯಾವ ಯಾವುದೋ ಬೀರುಗಳಿಂದ ಹೊರಬಿದ್ದ ಅಂಗಿ, ಪರದೆ, ಮೇಜುಹಾಸು, ಹಳೆಯ ಪಿಂಗಾಣಿ, ಕಬ್ಬಿಣದ ಸಾಮಾನು ಎಲ್ಲ ಉದ್ದನೆಯ ಮೇಜಿನ ಮೇಲೆ ಸುರಿದವು.

ಅವಳು ಹತ್ತು ವರ್ಷದಿಂದ ಹಳೆಯ ಸಾಮಾನಿನ ಅಂಗಡಿ ಇಟ್ಟವಳು. ಹೊಸದನ್ನು ಕೊಳ್ಳಲಾಗದವರು ಅಲ್ಲಿಗೆ ಬರುವುದಿಲ್ಲ. ಹಳೆಯದೇ ಬೇಕು ಎಂದು ಹಟ ಹಿಡಿದು ಹುಡುಕುವವರು ಬರುತ್ತಾರೆ. ಅವರು ಅಲ್ಲಿ ಬಟ್ಟೆಯನ್ನು ಬೆಕ್ಕಿನ ಮರಿಯಂತೆ ಸವರುತ್ತಾರೆ. ಅದು ಗೋದಾಮಿನಿಂದ ಅಂಗಡಿಗೆ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. ಒಂದು ಮಖಮಲ್ ಪರದೆಗಾಗಿ ಅವಳು ಇದೇ ಮೇಜಿನ ಸುತ್ತ ಒಬ್ಬಳನ್ನು ಜುಟ್ಟು ಹಿಡಿದು ಎಳೆದಾಡಿದ್ದಳು. ಅವಳದೇ ಮುಂಗೈ ಮೇಲೆ ಮತ್ತೊಬ್ಬಳ ಹಲ್ಲಿನ ಗುರುತು ಇನ್ನೂ ಇತ್ತು. ಇಲ್ಲಿ ಇದ್ದದ್ದು ಒಂದೇ ಕಾನೂನು. ಎರಡು ಕೈಯಲ್ಲಿ ಹಿಡಿದವರದು ಮಾಲು.

ಎರಕದ ಒಂದು ಹಳೆಯ ಇಸ್ತ್ರಿ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ಮುಂದಕ್ಕೆ ಬಾಗಿದಾಗ ಕೋಟು ಕಂಡಿತು. ಹೆಂಗಸರ ಉಣ್ಣೆಯ ಕೋಟು, ಕಂದು ಬಣ್ಣ, ಅಗಲ ಕಾಲರು, ಕೈಯಲ್ಲೇ ಹೊಲಿದ ಗುಂಡಿ ಕಾಜಗಳು. ಅವಳ ಖಾಯಂ ಗಿರಾಕಿ, ಕನ್ನಡಕದ ಅಂಗಡಿಯವಳು, ಇಂಥದ್ದಕ್ಕಾಗಿ ಎರಡು ಚಳಿಗಾಲದಿಂದ ಕಾದಿದ್ದಳು. ಗಿಡುಗ ಒಂದು ತೋಳು ಹಿಡಿದು ಎಳೆದಳು. ಕೋಟು ಬರಲಿಲ್ಲ. ಇನ್ನೊಂದು ತೋಳು ಒಬ್ಬ ಮುದುಕನ ಕೈಯಲ್ಲಿತ್ತು.

ಈ ಮೊದಲು ಅವನನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಬಸ್ ಡ್ರೈವರುಗಳು ತೊಡುವಂಥ ಖಾಕಿ ಅಂಗಿ, ಬಣ್ಣ ಹೋಗಿತ್ತು.

"ಬಿಡಿ ತಾತ. ನಾನು ಮೊದ್ಲು ಹಿಡಿದಿದ್ದು."

"ಇದು ನಮ್ಮನೇದು ಕಣಮ್ಮ."

"ಇಲ್ಲಿಗೆ ಬಂದ್ಮೇಲೆ ಯಾರ ಮನೇದೂ ಅಲ್ಲ."

ಅವಳು ಭುಜದಿಂದ ಅವನ ಎದೆಗೆ ಗುದ್ದಿದಳು. ಮುದುಕ ಹಿಂದಕ್ಕೆ ವಾಲಿದ, ಕೈ ಸಡಿಲಿಸಲಿಲ್ಲ. ಸುತ್ತಲಿನವರು ಸ್ವಲ್ಪ ಜಾಗ ಮಾಡಿದರು. "ಗಿಡುಗಕ್ಕೆ ಇವತ್ತು ಸರಿಯಾದ ಜೋಡಿ ಸಿಕ್ತು ನೋಡ್ರೋ!" ಎಂದು ಯಾರೋ ಕೂಗಿದರು. ಆ ನಗು ಅವಳ ನೆತ್ತಿಗೇರಿತು. ಅವಳು ಅವನ ಮಣಿಕಟ್ಟನ್ನು ಉಗುರು ನಾಟುವಂತೆ ತಿರುವಿದಳು. ಅವನು ಮತ್ತೊಂದು ಕೈ ಬೀಸಿ ಕೆನ್ನೆಗೆ ಬಿಟ್ಟ. ಸ್ಟೇರಿಂಗ್ ತಿರುಗಿಸಿ ಮರವಾದ ಕೈ. ಅವಳ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು, ಬಾಯೆಲ್ಲ ಉಪ್ಪಾಯಿತು.

ಮುಂದಿನದು ಅವಳು ಯೋಚಿಸಿ ಮಾಡಿದ್ದಲ್ಲ, ಮಾಡಲಿಲ್ಲ ಎನ್ನುವಂತೆಯೂ ಇಲ್ಲ. ಕಂಕುಳಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಕೈಗೆ ಬಂತು, ಮೇಲೆ ಹೋಯಿತು, ಕೋಟಿನ ತೋಳನ್ನು ಮೇಜಿಗೆ ಒತ್ತಿ ಹಿಡಿದಿದ್ದ ಅವನ ಬೆರಳುಗಳ ಮೇಲೆ ಇಳಿಯಿತು. ಒಣ ಪುಳ್ಳೆ ಮುರಿದ ಸದ್ದಾಯಿತು. ನಗು ನಿಂತುಹೋಯಿತು.

ಮುದುಕ ಕಿರುಚಲಿಲ್ಲ. ಕೈಯನ್ನು ಹೊಟ್ಟೆಗೆ ಅವುಚಿಕೊಂಡು ನೆಲಕ್ಕೆ ಕುಕ್ಕರಿಸಿದ. "ಮೂರು ದಿನದಿಂದ ಹುಡುಕ್ತಿದೀನಿ," ಎಂದ. "ನಮ್ಮನೆಯವಳು ತೀರ್ಕೊಂಡ್ಮೇಲೆ ಸೊಸೆ ಬೀರು ಖಾಲಿ ಮಾಡಿ ಕೊಟ್ಬಿಟ್ಟಿದಾಳೆ."

"ಎಲ್ರೂ ಹಾಗೇ ಹೇಳ್ತಾರೆ," ಎಂದಳು ಗಿಡುಗ. ಹಾಗೆ ಹೇಳುವವರು ಇದ್ದದ್ದೂ ನಿಜವೇ. ಕಳೆದ ತಿಂಗಳು ಒಬ್ಬ, ತಾಯಿ ಸತ್ತಳೆಂದು ಸುಳ್ಳು ಹೇಳಿ ಗಡಿಯಾರ ಹೊಡೆದುಕೊಂಡು ಹೋಗಿದ್ದ. ಅವಳು ಕೋಟು ಮಡಚಿಕೊಂಡು ಹೊರಟಳು. ಈ ಸಲ ಎಲ್ಲರೂ ತಾವಾಗಿಯೇ ದಾರಿ ಬಿಟ್ಟರು.

ಅಂಗಡಿಯಲ್ಲಿ ತಂಗಿ ಅವಳ ಮುಖ ನೋಡಿ ಹಣೆ ಚಚ್ಚಿಕೊಂಡಳು. "ಮತ್ತೆ ಹೊಡೆದಾಡ್ಕೊಂಡು ಬಂದ್ಯಾ? ನಾವು ಬಟ್ಟೆ ಮಾರೋರೋ, ಕಟುಕರೋ?"

"ಐಸ್ ತಗೊಂಡು ಬಾ. ಉಪದೇಶ ಆಮೇಲೆ."

ಫೋನು ಮಾಡಿದ್ದೇ ತಡ, ಕನ್ನಡಕದ ಅಂಗಡಿಯವಳು ಓಡೋಡಿ ಬಂದಳು. ಕೋಟು ತೊಟ್ಟು ಕನ್ನಡಿಯೆದುರು ಗಿರ್ರನೆ ಸುತ್ತಿದಳು. ಅಳತೆ ಕೊಟ್ಟು ಹೊಲಿಸಿದಂತಿತ್ತು. ಜೇಬಿಗೆ ಕೈ ಹಾಕಿದವಳು, "ಅಯ್ಯೋ, ಇಲ್ಲಿ ನೋಡಿ!" ಎಂದು ಜೇಬನ್ನೇ ಹೊರಗೆಳೆದಳು. ಹಳೆಯ ಜೇಬು ಹರಿದುಹೋಗಿ ಯಾರೋ ಬೇರೆ ಬಟ್ಟೆಯಲ್ಲಿ ಹೊಸದಾಗಿ ಕೂರಿಸಿದ್ದರು. ಬಣ್ಣ ಹೋದ ಖಾಕಿ. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ.

"ಯಾರದೋ ಯೂನಿಫಾರ್ಮ್ ಇರಬೇಕು ಅಲ್ವಾ? ಗಂಡನದೇನೋ! ಎಷ್ಟು ಚೆನ್ನಾಗಿದೆ. ಹಳೇ ವಸ್ತು ಅಂದ್ರೆ ಇದೇ ನೋಡಿ, ಒಂದು ಕಥೆ ಇರುತ್ತೆ."

ಗಿಡುಗ ಹಿಡಿದಿದ್ದ ಐಸು ಕರಗಿ ಮೊಣಕೈವರೆಗೆ ಇಳಿಯುತ್ತಿತ್ತು.

"ಬಿಚ್ಚಿ," ಎಂದಳು.

"ಏನು?"

"ಕೋಟು ಬಿಚ್ಚಿ. ಮಾರಲ್ಲ."

ಆಕೆ ನಕ್ಕಳು, ತಮಾಷೆ ಎಂದುಕೊಂಡಳು. ಗಿಡುಗ ಕಾಲರಿಗೆ ಕೈ ಹಾಕಿ ಜಗ್ಗಿದಳು. ಆಕೆ ತಿರುಗಿಬಿದ್ದಳು, ಕಿರುಚಿದಳು, ಬಟ್ಟೆ ತೂಗುಹಾಕಿದ್ದ ಕಂಬಿ ಸಮೇತ ಇಬ್ಬರೂ ಉರುಳಿದರು, ಪಿಂಗಾಣಿ ಬಟ್ಟಲುಗಳ ಕಪಾಟು ಧಡಾರನೆ ಬಿತ್ತು. ತಂಗಿ ನಡುವೆ ಬಂದು, "ನಿಂಗೆ ತಲೆ ಕೆಟ್ಟಿದ್ಯೇನೇ ಅಕ್ಕ!" ಎಂದು ಬೆನ್ನಿಗೆ ಗುದ್ದುತ್ತಲೇ ಇದ್ದಳು. ಒಡೆದ ಚೂರುಗಳ ನಡುವಿನಿಂದ ಗಿಡುಗ ಎದ್ದಾಗ ಕೋಟು ಅವಳ ಕೈಯಲ್ಲಿತ್ತು. ಕನ್ನಡಕದ ಅಂಗಡಿಯವಳು, ಇನ್ನು ಈ ಬಾಗಿಲು ತುಳಿದರೆ ಕೇಳಿ ಎಂದು ಶಾಪ ಹಾಕುತ್ತ ಹೋದಳು.

ಗೋದಾಮಿನಲ್ಲಿ ವಿಚಾರಿಸಿದರೆ, ಮೇಸ್ತ್ರಿ ಮುದುಕನನ್ನು ಬಸ್ ನಿಲ್ದಾಣದ ಹಿಂದಿನ ಮೂಳೆ ಡಾಕ್ಟರ ಹತ್ತಿರ ಕಳಿಸಿದ್ದನಂತೆ. ಅವಳು ಹೋದಾಗ ಅವನು ಹೊರಗಿನ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಬಲಗೈ ಮೊಣಕೈವರೆಗೆ ಹಸಿ ಪ್ಲಾಸ್ಟರು, ಕೊರಳಿಗೆ ಜೋಲಿ.

ಅವಳು ಎರಡು ಕೈಯಲ್ಲಿ ಕೋಟು ಚಾಚಿದಳು.

ಮುದುಕ ಎದ್ದುನಿಂತ. ಕೋಟು ನೋಡಿದ, ಅವಳನ್ನು ನೋಡಿದ. ಎಡಗೈ ಎತ್ತಿ ಅವಳ ಮುಖಕ್ಕೆ ಬೀಸಿದ. ಒಣಗುತ್ತಿದ್ದ ತುಟಿ ಮತ್ತೆ ಬಾಯ್ಬಿಟ್ಟಿತು. ಇನ್ನೊಮ್ಮೆ ಹೊಡೆದ, ಕಿವಿ ಗುಂಯ್ ಎಂದಿತು. ಅವಳ ಮೈಯೆಲ್ಲ ಎದುರೇಟಿಗೆ ಸೆಟೆಯಿತು. ಹತ್ತು ವರ್ಷದಲ್ಲಿ ಒಂದು ಏಟನ್ನೂ ಅವಳು ಸಾಲ ಉಳಿಸಿಕೊಂಡಿರಲಿಲ್ಲ. ಆದರೆ ಕೈ ಎತ್ತಬೇಕಾದರೆ ಕೋಟು ಕೆಳಗೆ ಬೀಳುತ್ತಿತ್ತು. ಕಾಂಪೌಂಡರ್ ಓಡಿಬಂದ. "ಏನೂ ಇಲ್ಲ, ಹೋಗಿ," ಎಂದಳು ಅವಳು, ರಕ್ತ ನುಂಗುತ್ತ.

ಮೂರನೆಯ ಏಟು ಅರ್ಧದಲ್ಲೇ ನಿಂತಿತು. ಅವನು ಕೋಟು ಕಿತ್ತುಕೊಂಡು ಕೂತ. ಎಡಗೈಯನ್ನು ಜೇಬಿನೊಳಗೆ ಇಳಿಸಿದ, ಬಹಳ ಹೊತ್ತು ಅಲ್ಲಿಯೇ ಬಿಟ್ಟ. ಅವಳು ಬೆಂಚಿನ ಆ ತುದಿಯಲ್ಲಿ ಕೂತಳು. ಒಳಗೆ ಯಾರದೋ ಹೆಸರು ಕೂಗಿದರು.

ಕೊನೆಗೆ ಅವನು ಹೊರಡಲು ಬಾಗಿದ. ಬೂಟಿನ ಲೇಸು ಬಿಚ್ಚಿಕೊಂಡಿತ್ತು. ಎಡಗೈಯೊಂದರಲ್ಲೇ ಅದನ್ನು ಸುತ್ತಿದ, ಜಾರಿತು. ಮತ್ತೆ ಸುತ್ತಿದ, ಮತ್ತೆ ಜಾರಿತು. ಗಿಡುಗ ನೆಲಕ್ಕೆ ಮೊಣಕಾಲೂರಿದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ, ಒಂದು ಗಳಿಗೆ ಕಳೆದು ಮುಂದಕ್ಕೆ ಚಾಚಿದ.

"ಬಿಗಿಯಾಗಿ ಕಟ್ಬೇಡ," ಎಂದ. "ಮನೇಲಿ ಒಂದೇ ಕೈಯಲ್ಲಿ ಬಿಚ್ಬೇಕು."

ಅವಳು ಹಾಕಿದ್ದ ಗಂಟು ಬಿಡಿಸಿ, ಎಳೆದರೆ ಬಿಚ್ಚಿಕೊಳ್ಳುವಂತೆ ಸಡಿಲವಾಗಿ ಇನ್ನೊಮ್ಮೆ ಕಟ್ಟಿದಳು.